ಹಾಲ್‌ರಾಯ್ಡ್ ಮಿಸ್ ಮುರಿದ ಮಾತು

ಎಲ್ಲರಿಗೂ ನಮಸ್ಕಾರ. ಮೇವಿಸ್ ಅವರ ಪತಿ ಕ್ಲಿಫರ್ಡ್ ಅವರೇ, ಮಗಳು ಹೀದರ್, ಮೊಮ್ಮಕ್ಕಳೇ, ಥಾರ್ನ್‌ಕ್ಲಫ್ ಪ್ರಾಥಮಿಕ ಶಾಲೆಯ ನನ್ನ ಸಹೋದ್ಯೋಗಿಗಳೇ, ಮತ್ತೆ ಮಂಡಿ ಗದ್ದಕ್ಕೆ ತಾಗುವಂತೆ ಈ ಪುಟ್ಟ ಕುರ್ಚಿಗಳಲ್ಲಿ ಮುದುಡಿ ಕೂತಿರುವ ಹಳೆಯ ವಿದ್ಯಾರ್ಥಿಗಳೇ — ಕ್ಷಮಿಸಬೇಕು. ದೊಡ್ಡ ಕುರ್ಚಿ ನಮ್ಮಲ್ಲಿರುವುದು ಮೂವತ್ತೇ. ಈ ನೆನಪಿನ ಸಭೆಗೆ ಇಷ್ಟು ಜನ ಬರುತ್ತೀರೆಂದು ನಾವು ಅಂದುಕೊಂಡಿರಲಿಲ್ಲ. ಮೇವಿಸ್ ಇದ್ದಿದ್ದರೆ ಮೊದಲೇ ಹೇಳಿರುತ್ತಿದ್ದರು.

ನನ್ನ ಹೆಸರು ಡಂಕನ್ ಆಂಬ್ಲರ್. ಆರನೇ ತರಗತಿಯ ಮೇಷ್ಟ್ರು. ಮೇವಿಸ್ ಹಾಲ್‌ರಾಯ್ಡ್ ಅವರ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದವನು. ಅವರು ಈ ಶಾಲೆಯಲ್ಲಿದ್ದದ್ದು ಮೂವತ್ತಮೂರು ವರ್ಷ. ಅಷ್ಟೂ ವರ್ಷ ಒಂದೇ ಕೋಣೆ — ಅಗೋ, ಆ ಹಸಿರು ಬಾಗಿಲು — ರಿಸೆಪ್ಷನ್ ತರಗತಿ. ಆಗತಾನೇ ನಾಲ್ಕು ತುಂಬಿ ಶಾಲೆಗೆ ಸೇರುವ ಮಕ್ಕಳ ಜೊತೆ. ಮುಖ್ಯೋಪಾಧ್ಯಾಯಿನಿ ಆಗಿ ಅಂತ ಅವರನ್ನು ಎರಡು ಸಲ ಕೇಳಿದರು. ಎರಡು ಸಲವೂ ಒಂದೇ ಉತ್ತರ. "ಆಫೀಸಿಗೆ ಬಂದು ಅಳೋರೆಲ್ಲ ದೊಡ್ಡೋರು. ದೊಡ್ಡೋರ ಮೂಗು ಒರೆಸೋಕೆ ನಂಗೆ ಬರಲ್ಲ."

ಅವರಿಗೆ ಎಲ್ಲರೂ 'ಪುಟ್ಟ'. ನಿಮಗೆ ಗೊತ್ತೇ ಇದೆ. ನಾಲ್ಕು ವರ್ಷದವರೂ ಪುಟ್ಟ, ಪಾದ್ರಿಗಳೂ ಪುಟ್ಟ. ಒಮ್ಮೆ ಸರ್ಕಾರದ ಕಡೆಯಿಂದ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದಿದ್ದರು. ನಾವೆಲ್ಲ ಗಡಗಡ ನಡುಗುತ್ತ ನಿಂತಿದ್ದೇವೆ. ಅವರು ಸೂಟು ಬೂಟು ಹಾಕಿಕೊಂಡು ಆ ಹಸಿರು ಬಾಗಿಲಿಗೆ ಬಂದರೆ, ಇವರು ತಲೆಯೆತ್ತದೆ, "ಪುಟ್ಟಾ, ಕಾಲು ಒರೆಸ್ಕೊಂಡು ಬಾ" ಎಂದರು. ಒರೆಸಿಕೊಂಡರು. ಆಮೇಲೆ — ಹೀದರ್ ನಗುತ್ತಿದ್ದಾರೆ, ಈ ಕಥೆ ಮನೆಯಲ್ಲೂ ಕೇಳಿದ್ದಾರೆ ಅಂತ ಕಾಣುತ್ತೆ — ಆಮೇಲೆ ಆ ಮನುಷ್ಯ ಅರ್ಧ ಗಂಟೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಥೆ ಕೇಳಿದರು. ಸಂದೇಹ ಬಂದಾಗ ಕೈ ಎತ್ತಿದರು.

ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗುವ ಮೊದಲ ಬೆಳಿಗ್ಗೆ ಆ ಬಾಗಿಲಲ್ಲಿ ಅವರು ನಿಲ್ಲುತ್ತಿದ್ದುದನ್ನು ನೆನಪು ಮಾಡಿಕೊಳ್ಳಿ. ಹೀಗೆ, ಸೊಂಟದ ಮೇಲೊಂದು ಕೈ. ಇನ್ನೊಂದು ಕೈಯಲ್ಲಿ ಕಾಗದದ ಕರವಸ್ತ್ರದ ಡಬ್ಬಿ. ಡಬ್ಬಿ ಮಕ್ಕಳಿಗಲ್ಲ, ಅಮ್ಮಂದಿರಿಗೆ. "ಟಾಟಾ ಒಂದೇ ಸಲ," ಎನ್ನುತ್ತಿದ್ದರು. "ಎರಡನೇ ಸಲ ಹೇಳೋಕೆ ವಾಪಸ್ ಬಂದೋರಿಗೆ ಬಣ್ಣದ ಬ್ರಷ್ ತೊಳೆಯೋ ಕೆಲಸ." ಎಷ್ಟು ಜನ ಅಮ್ಮಂದಿರು ಬ್ರಷ್ ತೊಳೆದಿದ್ದೀರಿ ಇಲ್ಲಿ? — ಹೂಂ, ಅಪ್ಪಂದಿರ ಕೈಯೂ ಏಳುತ್ತಿದೆ.

ಒಂದು ವರ್ಷ ಒಂದು ಮಗು ಬಂದದ್ದೇ ಮೇಜಿನ ಕೆಳಗೆ ನುಗ್ಗಿ ಕೂತುಬಿಟ್ಟಿತು. ಯಾರು ಕರೆದರೂ ಹೊರಗೆ ಬರದು. ಬೇರೆಯವರಾಗಿದ್ದರೆ ಚಾಕಲೇಟು ತೋರಿಸಿ ಎಳೆಯುತ್ತಿದ್ದರೇನೋ. ಮೇವಿಸ್ ಹಾಜರಿ ಪುಸ್ತಕ ಹಿಡಿದುಕೊಂಡು ತಾವೇ ಮೇಜಿನ ಕೆಳಗೆ ಹೋದರು. ಅಲ್ಲಿಂದಲೇ ಹಾಜರಿ ಕೂಗಿದರು. ಮರುದಿನವೂ ಅಲ್ಲಿಂದಲೇ. ಮೂರನೇ ದಿನ ಮಗುವೇ, "ಮಿಸ್, ಇಲ್ಲಿ ನಿಮ್ಗೆ ಜಾಗ ಸಾಲ್ತಿಲ್ಲ, ಮೇಲೆ ಹೋಗೋಣ್ವಾ?" ಎಂದಿತಂತೆ. ಆ ಮಗು ಈ ಸಭೆಯಲ್ಲಿದೆ. ಈಗ ಆರಡಿ ಎರಡಿಂಚು. ಹೆಸರು ಹೇಳುವುದಿಲ್ಲ.

ಇಷ್ಟೆಲ್ಲ ನಿಮಗೂ ಗೊತ್ತಿರುವ ಮೇವಿಸ್. ನಾನು ಇವತ್ತು ಹೇಳಬೇಕೆಂದು ಎದ್ದು ನಿಂತದ್ದು ನಿಮಗೆ ಗೊತ್ತಿಲ್ಲದ ಒಂದು ಬೆಳಗಿನ ಸಂಗತಿ. ಅದರಲ್ಲಿ ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಆರನೇ ತರಗತಿಯವರು ಶಾಲೆ ಬಿಡುವ ಮುಂಚೆ ಮೇ ತಿಂಗಳಲ್ಲಿ ಪ್ರವಾಸ ಹೋಗುವುದುಂಟು. ಬಡಗಣ ಸರೋವರಗಳ ಹತ್ತಿರ ಒಂದು ವಸತಿ ಕೇಂದ್ರದಲ್ಲಿ ಮೂರು ರಾತ್ರಿ, ನಾಲ್ಕು ಹಗಲು. ಎಷ್ಟೋ ಮಕ್ಕಳಿಗೆ ಮನೆ ಬಿಟ್ಟು ಮಲಗುವುದು ಅದೇ ಮೊದಲು. ರಿಸೆಪ್ಷನ್ ಮಿಸ್‌ಗೆ ಅಲ್ಲೇನು ಕೆಲಸ? ನಿಯಮದ ಪ್ರಕಾರ ಏನೂ ಇಲ್ಲ. ಆದರೆ ಪ್ರತಿ ವರ್ಷ ಬಸ್ಸಿನ ಮುಂದಿನ ಸೀಟಿನಲ್ಲಿ, ವಾಂತಿ ಬಕೆಟ್ಟನ್ನು ಕಾಲ ನಡುವೆ ಇಟ್ಟುಕೊಂಡು ಮೇವಿಸ್ ಕೂತಿರುತ್ತಿದ್ದರು. ನಾನು ಹೊಸಬ, ಕೇಳಿದೆ, ನೀವ್ಯಾಕೆ ಅಂತ. "ಇವರನ್ನ ಒಳಗೆ ಕರ್ಕೊಂಡೋಳು ನಾನು. ಹೊರಗೆ ಕಳಿಸೋವಾಗ್ಲೂ ನಾನಿರ್ಬೇಕು ಕಣೋ. ನೀನು ಮಧ್ಯದಲ್ಲಿ ಬಂದೋನು, ಸುಮ್ನೆ ಹತ್ತು."

ಅದು ಹದಿನಾಲ್ಕು ವರ್ಷದ ಹಿಂದೆ. ನನ್ನ ಮೊದಲ ಪ್ರವಾಸ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊರಡುವುದಕ್ಕೆ ಒಂದು ವಾರ ಮುಂಚೆ ತಂದೆತಾಯಂದಿರು ಮಕ್ಕಳಿಗೆ ಗೊತ್ತಾಗದಂತೆ ಒಂದೊಂದು ಕಾಗದ ಬರೆದು ಶಾಲೆಯ ಆಫೀಸಿಗೆ ತಂದುಕೊಡುತ್ತಾರೆ. ಅದನ್ನು ನಾವು ಅಲ್ಲಿ ಹಂಚುತ್ತೇವೆ. ಬೇರೆ ಶಾಲೆಗಳಲ್ಲಿ ಸಂಜೆ ಕೊಡುತ್ತಾರೆ. ಮೇವಿಸ್ ಬಿಡುತ್ತಿರಲಿಲ್ಲ. "ಸಂಜೆ ಅತ್ತ ಮಗು ನಿದ್ದೆ ಮಾಡಲ್ಲ. ಬೆಳಿಗ್ಗೆ ಅತ್ರೆ ದೋಣಿ ಹತ್ತೋ ಹೊತ್ತಿಗೆ ಒಣಗಿರುತ್ತೆ." ಹಾಗಾಗಿ ಎರಡನೇ ದಿನ ಬೆಳಿಗ್ಗೆ, ತಿಂಡಿ ಆದಮೇಲೆ.

ಪೋಷಕರಿಗೆ ಸೂಚನಾಪತ್ರ ಬರೆದದ್ದು ನಾನು. ಏನು ಬರೆದೆ? 'ಲಕೋಟೆಯ ಮೇಲೆ ಮಗುವಿನ ಹೆಸರು ಮಾತ್ರ ಇರಲಿ, ಬೇರೇನೂ ಬೇಡ.' ಚೆಂದ ಕಾಣುತ್ತೆ ಅಂತ.

ಆ ವರ್ಷ ನನ್ನ ತರಗತಿಯಲ್ಲಿ ಬೆಥನಿ ಅಂತ ಇಬ್ಬರು ಹುಡುಗಿಯರು. ಬೆಥನಿ ಲಂಬ್, ಬೆಥನಿ ಕ್ರಾಬ್‌ಟ್ರೀ. ಏಳು ವರ್ಷ ಈ ಶಾಲೆಯಲ್ಲಿ ಅವರು ಬೆಥನಿ ಎಲ್, ಬೆಥನಿ ಸಿ. ಹಾಜರಿ ಪುಸ್ತಕದಲ್ಲಿ ಹಾಗೆ, ಕೋಟು ನೇತುಹಾಕುವ ಗೂಟದ ಮೇಲೆ ಹಾಗೆ, ಜಗಳವಾಡುವಾಗಲೂ ಹಾಗೇ. ಆದರೆ ಯಾವ ತಾಯಿ ಮಗಳನ್ನು ಬೆಥನಿ ಎಲ್ ಅಂತ ಕರೆಯುತ್ತಾಳೆ? ಮನೆಯಲ್ಲಿ ಇಬ್ಬರೂ ಬರೀ ಬೆಥನಿ. ಇಬ್ಬರು ತಾಯಂದಿರೂ ನಾನು ಹೇಳಿದಂತೆಯೇ ಬರೆದಿದ್ದರು. ಒಂದು ಲಕೋಟೆ ದಪ್ಪ, ಒಂದು ತೆಳು. ಎರಡರ ಮೇಲೂ 'ಬೆಥನಿ'.

ಹಂಚುವಾಗ ಬೆಥನಿ ಸಿ ಹತ್ತಿರ ಕೂತಿದ್ದಳು. ಕೈಗೆ ಸಿಕ್ಕಿದ್ದು ದಪ್ಪದ್ದು. ಕೊಟ್ಟೆ.

ಆ ಹುಡುಗಿಯ ಬಗ್ಗೆ ಎರಡು ಮಾತು ಹೇಳಬೇಕು. ಬೆಥನಿ ಸಿ ಚುರುಕು, ಆದರೆ ಬಿಗಿ. ಮನೆಯಲ್ಲಿ ಅಮ್ಮ, ಅಜ್ಜ, ಇವಳು. ಅಮ್ಮ ಗೇಲ್ ಕಾರ್ಪೆಟ್ ಕಾರ್ಖಾನೆಯಲ್ಲಿ ಸಂಜೆ ಪಾಳಿ. ಸಂಜೆ ಶಾಲೆಯಿಂದ ಮನೆಗೆ ಕರೆದುಕೊಂಡು ಹೋಗಲು ಬರುತ್ತಿದ್ದುದು ಅಜ್ಜ. ಒಂದು ವರ್ಷದಲ್ಲಿ ಆ ಮಗು ಬಾಯ್ತುಂಬ ನಕ್ಕದ್ದು ನಾನು ನೋಡಿರಲಿಲ್ಲ.

ಆ ಬೆಳಿಗ್ಗೆ ನೋಡಿದೆ. ನಾಲ್ಕು ಪುಟದ ಕಾಗದ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದಾಳೆ. 'ನಮ್ಮ ಬಂಗಾರ, ನೀನಿಲ್ಲದೆ ಮನೆ ಬಿಕೋ ಅನ್ನುತ್ತಿರುತ್ತೆ, ನಿನ್ನಂಥ ಮಗಳು ಊರಲ್ಲೇ ಇಲ್ಲ' — ಇಂಥ ಮಾತುಗಳು. ಒಂದು ಪುಟ ಮುಗಿಯಿತು, ಎರಡು ಮುಗಿಯಿತು, ಮುಖ ಅರಳುತ್ತಲೇ ಇದೆ. ಇಂಥ ಮಾತನ್ನು ಅಮ್ಮ ಯಾವತ್ತೂ ಬಾಯಿಬಿಟ್ಟು ಆಡಿದವಳಲ್ಲ. ಕಾಗದದಲ್ಲಾದರೂ ಬರೆದಳಲ್ಲ ಎಂಬ ಸಂತೋಷ. ನಾನು ಟೋಸ್ಟು ತಿನ್ನುತ್ತ ಅದನ್ನು ನೋಡಿ, ಆಹಾ ಎಂಥ ಒಳ್ಳೆಯ ಪದ್ಧತಿ ಅಂದುಕೊಂಡೆ. ನನ್ನ ಬಗ್ಗೆಯೇ ನನಗೆ ಹೆಮ್ಮೆಯಾಯಿತು.

ನಾಲ್ಕನೇ ಪುಟದ ಕೊನೆಯಲ್ಲಿ ಬೆರಳು ನಿಂತಿತು.

"ಸರ್, ಟಾಫಿ ಅಂದ್ರೆ ಯಾರು?"

ಕಾಗದದ ಕೊನೆಯಲ್ಲಿ ಇದ್ದದ್ದು: ಪ್ರೀತಿಯಿಂದ, ಅಮ್ಮ, ಅಪ್ಪ ಮತ್ತು ಟಾಫಿ.

"ನಿಮ್ಮ ನಾಯಿ ಇರ್ಬೇಕು," ಎಂದೆ. "ನಮ್ಮನೇಲಿ ನಾಯಿ ಇಲ್ಲ ಸರ್," ಎಂದಳು. ಅಪ್ಪ ಇಲ್ಲ ಎಂದು ಹೇಳಲಿಲ್ಲ. ಅಷ್ಟರಲ್ಲಿ ಊಟದ ಹಾಲಿನ ಆ ತುದಿಯಿಂದ ಬೆಥನಿ ಎಲ್ ಕೂಗಿ ಹೇಳಿದಳು, ಪಾಪ, ಅವಳಿಗೇನು ಗೊತ್ತು: "ಸರ್, ಇದು ನಂದಲ್ಲ. ನಮ್ಮಮ್ಮ ಇಷ್ಟು ಚಿಕ್ಕದಾಗಿ ಬರೆಯಲ್ಲ." ಇಪ್ಪತ್ತೆಂಟು ತಲೆಗಳು ತಿರುಗಿದವು.

ಬೆಥನಿ ಸಿ ಎದ್ದಳು. ನಾಲ್ಕು ಪುಟವನ್ನೂ ಮೊದಲಿದ್ದ ಮಡಿಕೆಯಲ್ಲೇ ಮಡಚಿದಳು. ನಡೆದು ಹೋಗಿ ಕೊಟ್ಟಳು. ತನ್ನದನ್ನು ತೆಗೆದುಕೊಂಡಳು. ಮೂರು ಸಾಲು. 'ಬೆಥನಿ, ಬನಿಯನ್ ಹಾಕಿಕೋ. ಅಜ್ಜನ ಟಾರ್ಚು ಜೋಪಾನ. ಅಮ್ಮ.'

ಅಷ್ಟೇ.

ಒದ್ದೆ ಬೂಟುಗಳನ್ನು ಬಿಡುವ ಕೋಣೆಯೊಂದಿತ್ತು ಅಲ್ಲಿ. ಅವಳು ಅದರೊಳಗೆ ಹೋಗಿ ರಬ್ಬರ್ ಬೂಟುಗಳ ನಡುವೆ ನೆಲದ ಮೇಲೆ ಕೂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೂ ಏನಾದರೂ ತೋಚುತ್ತಿತ್ತು. "ನಾನು ಮನೆಗೆ ಹೋಗ್ತೀನಿ. ಅಮ್ಮಂಗೆ ಫೋನ್ ಮಾಡ್ಬೇಡಿ. ಬಸ್ಸು ನಂಗೆ ಗೊತ್ತು," ಎಂದಳು. ನೂರಾರು ಕಿಲೋಮೀಟರ್ ದೂರ, ಯಾವ ಬಸ್ಸು? ನಾನು ಮಂಡಿಯೂರಿ, ತರಬೇತಿಯಲ್ಲಿ ಕಲಿಸಿದ ದನಿಯಲ್ಲಿ, "ಬೆಥನಿ, ನಿಮ್ಮಮ್ಮಂಗೂ ನಿನ್ನ ಮೇಲೆ ಅಷ್ಟೇ ಪ್ರೀತಿ ಇದೆ" ಎಂದೆ.

ಅವಳು ನನ್ನ ಮುಖ ನೋಡಿದಳು. "ನಿಮ್ಗೆ ಹೆಂಗೆ ಗೊತ್ತು ಸರ್?"

ನನಗೆ ಗೊತ್ತಿರಲಿಲ್ಲ. ಗೇಲ್ ಅವರನ್ನು ನಾನು ಸರಿಯಾಗಿ ಮಾತಾಡಿಸಿದವನೂ ಅಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದೆ. ಹನ್ನೊಂದು ವರ್ಷದ ಮಕ್ಕಳ ಮುಂದೆ ಆ ಆಟ ನಡೆಯುವುದಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಇಡೀ ಜೀವಮಾನ ಆ ಮಗು ಮೂರು ಸಾಲನ್ನೂ ನಾಲ್ಕು ಪುಟವನ್ನೂ ಅಕ್ಕಪಕ್ಕ ಇಟ್ಟು ತೂಗುತ್ತಲೇ ಇರುತ್ತಿತ್ತು. ಇಟ್ಟು ತೋರಿಸಿದವನು ನಾನು.

ಆಗ ಮೇವಿಸ್ ಬಂದರು. ಹೊರಗೆ ಮಕ್ಕಳ ಕಾಲುಚೀಲ ಒಣಹಾಕುತ್ತಿದ್ದವರು, ಒಂದು ಒದ್ದೆ ಕಾಲುಚೀಲ ಕೈಯಲ್ಲೇ ಇತ್ತು. ನಾನು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಅವರು ಕಾಲುಚೀಲ ಹಿಂಡುತ್ತ ನಿಂತರು — ಹೀಗೆ — ನೀರು ಬರುವುದು ನಿಂತ ಮೇಲೂ ಹಿಂಡುತ್ತಿದ್ದರು. ಮೇವಿಸ್ ಹಾಲ್‌ರಾಯ್ಡ್ ಏನು ಹೇಳಬೇಕೆಂದು ತಿಳಿಯದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಅವರೂ ಬೂಟುಗಳ ನಡುವೆ ಕೂತರು.

"ನೋಡು ಪುಟ್ಟಾ. ನಾನು ಒಬ್ರಿಗೆ ಮಾತು ಕೊಟ್ಟಿದ್ದೆ, ಹೇಳಲ್ಲ ಅಂತ. ಈಗ ಮುರೀತೀನಿ. ಡಂಕನ್, ನೀನು ಸಾಕ್ಷಿ. ನಾಳೆ ಅವಳು ಜಗಳಕ್ಕೆ ಬಂದ್ರೆ ನೀನೂ ನಿಂತ್ಕೋಬೇಕು."

"ಯಾರು ಮಿಸ್?"

"ನಿಮ್ಮಮ್ಮ. ನೀನು ನನ್ನ ಕ್ಲಾಸಿಗೆ ಬಂದ ಮೊದಲ್ನೇ ದಿನ ಟಾಟಾ ಹೇಳಿ ಹೋದ್ಲಾ? ಹೋಗ್ಲಿಲ್ಲ. ನಮ್ಮ ಕಿಟಕಿ ಎದುರಿಗೆ ರಸ್ತೆ ಆ ಕಡೆ ಬಸ್ ಸ್ಟಾಪ್ ಇದ್ಯಲ್ಲ, ಅಲ್ಲಿ ನಿಂತ್ಲು. ಬಸ್ ಬಂತು, ಹತ್ಲಿಲ್ಲ. ಇನ್ನೊಂದು ಬಂತು, ಹತ್ಲಿಲ್ಲ. ಊಟದ ಬೆಲ್ ಹೊಡೆಯೋವರ್ಗೂ ನಿಂತಿದ್ಲು. ಮಾರನೇ ದಿನಾನೂ ಬಂದು ನಿಂತ್ಲು. ಹನ್ನೊಂದು ದಿನ."

ಬೆಥನಿ ಮಂಡಿಗೆ ಗದ್ದ ಊರಿದಳು.

"ಮೂರನೇ ದಿನ ಮಳೆ. ನಾನು ಟೀ ತಗೊಂಡು ಹೋದೆ. ಒಳಗೆ ಬಾ ಅಂದೆ. ಬರಲ್ಲ ಅಂದ್ಲು. ಅವಳು ನನ್ನ ಕೇಳಿದ್ದು ಒಂದೇ ಮಾತು, ಆಮೇಲೂ ದಿನಾ ಅದೇ ಮಾತು. 'ತಿಂದ್ಲಾ?'"

"ಕೆಲ್ಸಕ್ಕೆ ಹೋಗ್ಲಿಲ್ವಾ?"

"ಬೆಳಗಿನ ಪಾಳಿ ಬಿಟ್ಟು ಸಂಜೆ ಪಾಳಿ ಕೇಳ್ಕೊಂಡ್ಲು. ಯಾಕೆ ಗೇಲ್, ಮಗು ಚೆನ್ನಾಗಿದೆ ಹೋಗು ಅಂದ್ರೆ, ಗೊತ್ತು ಮಿಸ್, ಅವಳು ಚೆನ್ನಾಗಿದಾಳೆ, ಅಳ್ತಿರೋಳು ನಾನು ಅಂದ್ಲು. ಅವಳಿಗೆ ಹೇಳ್ಬೇಡಿ, ಹೇಳಿದ್ರೆ ಮೆತ್ತಗಾಗ್ಬಿಡ್ತಾಳೆ, ನಮ್ಮಂಥೋರ ಮಕ್ಕಳು ಮೆತ್ತಗಾಗ್ಬಾರ್ದು ಅಂದ್ಲು. ನಾನು ಆಯ್ತಮ್ಮ ಅಂದೆ. ಅದೇ ನಾನು ಕೊಟ್ಟ ಮಾತು."

ಹುಡುಗಿ ತಲೆಯೆತ್ತಿದಳು. "ಅದಕ್ಕೇ ನನ್ನ ಕರ್ಕೊಂಡ್ಹೋಗೋಕೆ ಅಜ್ಜ ಬರ್ತಿದ್ದಿದ್ದು," ಎಂದಳು. ಆಮೇಲೆ ಮೂರು ಸಾಲಿನ ಕಾಗದವನ್ನು ಮತ್ತೆ ಬಿಡಿಸಿ ಓದಿದಳು. ಓದಿ, ಸ್ವೆಟರಿನ ಅಂಚನ್ನು ಇಷ್ಟು ಎತ್ತಿ ಮೇವಿಸ್ ಅವರಿಗೆ ತೋರಿಸಿದಳು.

"ಬನಿಯನ್ ಹಾಕ್ಕೊಂಡಿದೀನಿ ಮಿಸ್."

"ಗೊತ್ತು ಕಣೇ," ಎಂದರು ಮೇವಿಸ್. ಆಗ ಅತ್ತಳು. ಇಬ್ಬರೂ ಅತ್ತರು. ನಾನು ಯಾರದೋ ಬೂಟನ್ನು ಜೋಡಿ ಮಾಡುತ್ತಾ ಕೂತಿದ್ದೆ.

ಅಲ್ಲಿಗೆ ಮುಗಿಯಲಿಲ್ಲ. ಹೊರಗೆ ಬಂದಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದರು. "ಈಗ ಹೋಗಿ ತಪ್ಪಾಯ್ತು ಅನ್ನು. ಇಬ್ರ ಹತ್ರಾನೂ. ಆ ಇನ್ನೊಂದು ಮಗು ನಾನೇನು ತಪ್ಪು ಮಾಡ್ದೆ ಅಂತ ಮಂಕಾಗಿ ಕೂತಿದೆ, ನೋಡಿದ್ಯಾ?" ನಾನು ನೋಡಿರಲಿಲ್ಲ. ಹೋದೆ, ಇಬ್ಬರ ಮುಂದೂ ನಿಂತು ಹೇಳಿದೆ. ಬೆಥನಿ ಎಲ್ ಕೇಳಿದ್ದು, "ಸರ್, ಅವಳಿಗೆ ಟಾಫಿ ಫೋಟೋ ತೋರಿಸ್ಲಾ?" ಮಕ್ಕಳು ನಮಗಿಂತ ಬೇಗ ದಾಟಿಬಿಡುತ್ತಾರೆ. ಮಧ್ಯಾಹ್ನ ಸರೋವರದ ತಣ್ಣೀರಿಗೆ ಮೊದಲು ಧುಮುಕಿದವಳು ಬೆಥನಿ ಸಿ.

ಮೂರನೇ ದಿನ ಸಂಜೆ ನಾನು ಮೇವಿಸ್ ಅವರಿಗೆ, ಈ ಕೆಲಸ ನನ್ನಿಂದ ಆಗಲ್ಲ, ವರ್ಷ ಮುಗಿದಮೇಲೆ ಬಿಡುತ್ತೇನೆ ಎಂದೆ. ಅವರು ಆಲೂಗಡ್ಡೆ ಸುಲಿಯುತ್ತಿದ್ದರು. "ಬಿಡು," ಎಂದರು. "ಬಿಟ್ರೆ ನಿನ್ ಜಾಗಕ್ಕೆ ಬರೋನು ಮತ್ತೆ ಇದೇ ತಪ್ಪು ಮಾಡ್ತಾನೆ. ನೀನಂತೂ ಇನ್ನು ಮಾಡಲ್ಲ." ಸಮಾಧಾನವೂ ಇಲ್ಲ, ಬೈಗುಳವೂ ಇಲ್ಲ. ಇನ್ನೊಂದು ಚಾಕು ನನ್ನ ಕೈಗೆ ಕೊಟ್ಟರು. ಅದಾಗಿ ಹದಿನಾಲ್ಕು ಪ್ರವಾಸ ಹೋಗಿಬಂದಿದ್ದೇನೆ. ಆ ಪ್ರವಾಸದ ಮರುವರ್ಷದಿಂದ ಲಕೋಟೆಗಳ ಪಟ್ಟಿ ಮೇವಿಸ್ ಅವರೇ ನೋಡತೊಡಗಿದರು. ಯಾರ ಮನೆಯಿಂದ ಕಾಗದ ಬರಲಿಲ್ಲವೋ ಆ ಮನೆಗೆ ಹೋಗಿ ಬಾಗಿಲು ಬಡಿಯುತ್ತಿದ್ದರು. ಬರೆಯಲು ಬಾರದವರು ಹೇಳುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಆದರೆ ಒಂದು ಮಾತನ್ನೂ ಸಿಂಗರಿಸುತ್ತಿರಲಿಲ್ಲ. ಅವರು ಹೇಳಿದ್ದು ಹೇಳಿದ ಹಾಗೆಯೇ.

ಇನ್ನು ವಾಪಸ್ ಬಂದ ದಿನದ್ದೊಂದು ಉಳಿಯಿತು. ಬಸ್ಸು ಈ ಗೇಟಿನ ಮುಂದೆ ನಿಂತಿತು. ಅಪ್ಪ ಅಮ್ಮಂದಿರು ಮುಗಿಬಿದ್ದು ತಬ್ಬಿಕೊಳ್ಳುತ್ತಿದ್ದಾರೆ. ಗೇಲ್ ಕ್ರಾಬ್‌ಟ್ರೀ ಪಾಳಿಗೆ ರಜೆ ಹಾಕಿ ಬಂದಿದ್ದರು, ಆದರೆ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ನಿಂತಿದ್ದರು. ಬೆಥನಿ ಹೋಗಿ ಮೊದಲು ಟಾರ್ಚು ಕೊಟ್ಟಳು. ಆಮೇಲೆ ಕಿವಿಯಲ್ಲಿ ಏನೋ ಹೇಳಿದಳು. ಗೇಲ್ ಮುಖ ಕೆಂಪಾಯಿತು. ಆ ಗಲಾಟೆಯ ನಡುವೆ ಸೀದಾ ಮೇವಿಸ್ ಅವರ ಹತ್ತಿರ ಬಂದರು. ನಾನು ಸಾಕ್ಷಿಯಲ್ಲವೇ, ಪಕ್ಕದಲ್ಲೇ ನಿಂತೆ. ಸ್ವಲ್ಪ ಹಿಂದೆ.

"ಹೇಳ್ಬಿಟ್ರಲ್ಲ ಮಿಸ್."

"ಹೇಳ್ದೆ."

"ಹೇಳಲ್ಲ ಅಂದಿದ್ರಿ."

"ಏಳು ವರ್ಷ ಹೇಳ್ಲಿಲ್ಲ. ಇನ್ನೆಷ್ಟು ಪುಟ್ಟಾ?"

ಗೇಲ್ ಮಗಳ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡರು. ಆ ಹುಡುಗಿ ಹನ್ನೊಂದು ವರ್ಷದವಳು, ಎಲ್ಲರೂ ನೋಡುತ್ತಿದ್ದಾರೆ, ಆದರೂ ಅಮ್ಮನ ಕೈ ಹಿಡಿದುಕೊಂಡಳು. ಊರೊಳಗಿನ ಬಸ್ಸು ಬಂತು. ಅವರು ಹತ್ತಲಿಲ್ಲ. ಇಬ್ಬರೂ ನಡೆದುಕೊಂಡೇ ಹೋದರು.

ಸ್ನೇಹಿತರೇ, ನಾನು ಮೇವಿಸ್ ಅವರಿಗೆ ಬಾಯಿಬಿಟ್ಟು ಧನ್ಯವಾದ ಹೇಳಲಿಲ್ಲ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ನೋಡಿದೆ. ಅವರ ನಿವೃತ್ತಿಯ ದಿನ ದೊಡ್ಡ ಕಾರ್ಡಿನಲ್ಲಿ ಎಲ್ಲರ ಸಹಿಗಳ ಮಧ್ಯೆ 'ಶುಭವಾಗಲಿ, ಡಂಕನ್' ಎಂದು ಬರೆದೆ. ಹೋದ ತಿಂಗಳು ಆಸ್ಪತ್ರೆಗೆ ಹೋಗಿದ್ದಾಗಲೂ ಹವಾಮಾನದ ಮಾತಾಡಿ ಬಂದೆ. ಅವರೇ, "ಈ ವರ್ಷ ಯಾರು ಜಾಸ್ತಿ ಅಳ್ತಿದಾರೆ?" ಎಂದು ಕೇಳಿದರು. ಆ ಹಸಿರು ಬಾಗಿಲಿನ ಕೋಣೆಯನ್ನು ಅವರು ಮರೆತಿರಲಿಲ್ಲ. ಇವತ್ತು ಹೇಳುತ್ತೇನೆ, ತಡವಾಗಿ, ನಿಮ್ಮೆಲ್ಲರ ಮುಂದೆ. ಮೇವಿಸ್, ಒಬ್ಬ ಮೇಷ್ಟ್ರನ್ನು ಉಳಿಸಿಕೊಟ್ಟಿರಿ, ಒಂದು ಮಗುವಿಗೆ ಅದರ ತಾಯಿಯನ್ನು ತೋರಿಸಿಕೊಟ್ಟಿರಿ. ನಾನು ನಿಮಗೆ ತುಂಬ ಕೃತಜ್ಞ. ಕ್ಲಿಫರ್ಡ್ ಅವರೇ, ಹೀದರ್, ಅವರ ಅಷ್ಟೊಂದು ಬೆಳಗುಗಳನ್ನು ನಮಗೆ ಬಿಟ್ಟುಕೊಟ್ಟಿರಿ. ನಿಮಗೂ.

ಈ ಕಥೆ ಹೇಳಬಹುದೇ ಎಂದು ನಾನು ನಿನ್ನೆ ಗೇಲ್ ಅವರನ್ನು ಕೇಳಿದೆ. ಅವರು ಈಗ ನಮ್ಮ ಶಾಲೆಯ ಅಡುಗೆಮನೆಯಲ್ಲೇ ಇದ್ದಾರೆ, ನಿಮಗೆಲ್ಲ ಗೊತ್ತು. ಕೈಯಲ್ಲಿದ್ದ ಪಾತ್ರೆ ತೊಳೆದಿಟ್ಟು ಕೈ ಒರೆಸಿಕೊಂಡರು. ಆಮೇಲೆ, "ಹೇಳಿ ಸರ್. ಬಸ್ ಸ್ಟಾಪಿಗೆ ನಂಗೆ ಟೀ ತಂದ್ಕೊಟ್ಟೋರು ಅವರೊಬ್ರೇ. ಆದ್ರೆ ಹೇಳಿ ಮುಗಿಸಿ, ಎಲ್ರ ಮುಂದೆ ನನ್ನೊಬ್ಬಳನ್ನೇ ಎಬ್ಬಿಸಿ ನಿಲ್ಲಿಸ್ಬೇಡಿ," ಎಂದರು.

ಒಬ್ಬರನ್ನೇ ಎಬ್ಬಿಸುವುದಿಲ್ಲ ಗೇಲ್.

ದಯವಿಟ್ಟು ಎಲ್ಲರೂ ಅವರ ಜೊತೆ ಎದ್ದು ನಿಲ್ಲಿ. ಮಾತಿಲ್ಲದೆ, ಎರಡು ನಿಮಿಷ — ಮೇವಿಸ್ ಅವರಿಗಾಗಿ.